ಪಂಚಾಂಗದಲ್ಲಿ ಬಂದ ಮಳೆಗಾಲ

ಮಸ್ಕಿಯ ದೊಡ್ಡವ್ವನ ಅಡುಗೆಮನೆಯಲ್ಲಿ ಅಜವಾನ ತುಂಬಿಡುವ ಒಂದು ಬೆಳ್ಳಿ ಬಣ್ಣದ ಕಪ್ ಇದೆ. ಅದು ನನ್ನದು. ಲಿಂಗಸುಗೂರಿನಲ್ಲಿ ಡಿಗ್ರಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದದ್ದು. ಋತುಚರ್ಯೆ ಇಂದಿನ ಬದುಕಿಗೆ ಬೇಕೆ ಎಂಬುದು ಅವತ್ತಿನ ವಿಷಯ. ವರ್ಷಕ್ಕೆ ಆರು ಋತು, ಒಂದೊಂದಕ್ಕೂ ಬೇರೆ ಊಟ, ಬೇರೆ ನಿದ್ದೆ, ಬೇರೆ ಸ್ನಾನ ಎಂದು ಆಯುರ್ವೇದ ಹೇಳುತ್ತದಲ್ಲ, ಅದು. ನನ್ನದು ಬೇಡ ಎಂಬ ಪಕ್ಷ. ಚೀಟಿ ಎತ್ತಿಸಿ ಪಕ್ಷ ಕೊಟ್ಟಿದ್ದರು ಎಂದು ಹೇಳಿ ಈಗ ಜಾರಿಕೊಳ್ಳಬಹುದು. ಆದರೆ ಆರಿಸಿಕೋ ಅಂದಿದ್ದರೂ ನಾನು ಅದನ್ನೇ ಆರಿಸಿಕೊಳ್ಳುತ್ತಿದ್ದೆ. "ಹೇಮಂತ, ಶಿಶಿರ ಎಂದೆಲ್ಲ ಹೇಳುತ್ತೀರಿ. ನಮ್ಮ ಜಿಲ್ಲೆಗೆ ಇರುವುದು ಎರಡೇ ಋತು, ಬಿಸಿಲು ಮತ್ತು ಇನ್ನಷ್ಟು ಬಿಸಿಲು" ಎಂದಾಗ ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಹಿಂದಿನ ಸಾಲಿನಲ್ಲಿ ದೊಡ್ಡವ್ವ ಕೂತಿದ್ದಳು. ಅವ್ವನ ಅಕ್ಕ. ವರ್ಷಪೂರ್ತಿ ಋತು ನೋಡಿಯೇ ಒಲೆ ಹೊತ್ತಿಸುವ ಹೆಂಗಸು. ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ವಾಪಸು ಬಸ್ಸಿನಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಚಲೋ ಮಾತಾಡಿದಿ ಬೇ. ನನಗ ಎದಿ ತುಂಬಿ ಬಂತು. ಒಂದ ಕೇಳ್ತೀನಿ. ಈಗ ನಿನಗ ಸೆಕಿ ಆಗಾಕತ್ತೈತೋ, ಥಂಡಿ ಆಗಾಕತ್ತೈತೋ?"

"ಸೆಕಿ."

"ಮತ್ತ ಸ್ವೆಟರ್ ಯಾಕ ಹಾಕ್ಕೊಂಡಿ?"

"ಇದು ಬ್ಲೇಜರ್ ದೊಡ್ಡವ್ವ. ಸ್ಪರ್ಧಾಕ್ಕ ಹಾಕ್ಕೋಬೇಕಾಗತೈತಿ."

"ಹಂಗೇನು" ಎಂದು ಕಿಟಕಿಯಾಚೆ ನೋಡಿದಳು. ಮಸ್ಕಿ ಬರುವ ಹೊತ್ತಿಗೆ ಕಪ್ ಅವಳದಾಗಿತ್ತು. "ಅಜವಾನ ಇಡಾಕ ಒಂದ ಡಬ್ಬಿ ಬೇಕಾಗಿತ್ತು. ಇದಕ್ಕ ಮುಚ್ಚಳಾನೂ ಐತಿ."

ಇದು ಹಳೆಯ ಮಾತು. ಈಗ ನಾನು ಸಿಂಧನೂರಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಂಜೆ ಮಕ್ಕಳಿಗೆ ವಾದ ಮಾಡುವುದನ್ನು ಕಲಿಸುತ್ತೇನೆ. ಅವ್ವ ಇದೇ ಊರಿನಲ್ಲಿ ಐದು ಮೇಜಿನ ಒಂದು ಖಾನಾವಳಿ ನಡೆಸುತ್ತಾಳೆ. ನಾವು ಇರುವುದು ಅದರ ಹಿಂದಿನ ಎರಡು ಕೋಣೆಗಳಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಶುರು ಮಾಡಿದ್ದು, ನನ್ನನ್ನು ಓದಿಸಿದ್ದೂ ಅದೇ. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ತೊಪ್ಪಲ ಪಲ್ಯ, ಸಾರು, ಶೇಂಗಾ ಹಿಂಡಿ. ಗೊರೇಬಾಳ, ಮುಕ್ಕುಂದದಿಂದ ಗೊಬ್ಬರಕ್ಕೋ ಔಷಧಕ್ಕೋ ಬಂದ ಭತ್ತದ ರೈತರು ಬೈಕ್ ನಿಲ್ಲಿಸಿ ಮೊದಲು ಬರುವುದು ನಮ್ಮಲ್ಲಿಗೆ. ಅವ್ವ ಯಾವುದನ್ನೂ ಅಳೆದು ಹಾಕಿದವಳಲ್ಲ. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುವುದು, ಒಂದು ಕ್ಷಣ ಕಣ್ಣು ಮುಚ್ಚುವುದು, ಮುಗಿಯಿತು.

ಕಳೆದ ವರ್ಷ ಕಾರಹುಣ್ಣಿಮೆಯ ಆಸುಪಾಸು ಅವ್ವನಿಗೆ ಟೈಫಾಯ್ಡ್ ಬಂತು. ದವಾಖಾನೆ, ಸಲೈನು, ಗುಳಿಗೆ. ಜ್ವರ ಬಿಟ್ಟಿತು. ಆದರೆ ಜ್ವರ ಹೋಗುವಾಗ ಅವ್ವನ ಬಾಯಿರುಚಿಯನ್ನೂ ಹಸಿವನ್ನೂ ಒಟ್ಟಿಗೇ ಕೊಂಡೊಯ್ದಿತ್ತು. ಏನು ಬಾಯಿಗಿಟ್ಟರೂ "ಮಣ್ಣ ತಿಂದಂಗ ಆಗತೈತಿ" ಎಂದು ತಾಟು ಸರಿಸುತ್ತಿದ್ದಳು. ಡಾಕ್ಟರು ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರು.

"ರಿಪೋರ್ಟ್ ಎಲ್ಲಾ ಚಲೋ ಅದಾವ್ರೀ. ಕೆಲವರಿಗೆ ಹಿಂಗ ಆಗತೈತಿ, ಹೊತ್ತು ಬೇಕು. ಕೊಟ್ಟ ಗುಳಿಗಿ ಮುಗಸ್ರಿ, ಹಗೂರಕ ಊಟಕ್ಕ ಹಚ್ರಿ. ಆದ್ರ ತೂಕ ಹಿಂಗ ಇಳೀತಾ ಹೋದ್ರ ಮತ್ತ ಅಡ್ಮಿಟ್ ಮಾಡಬೇಕಾಗತೈತಿ."

ಖಾನಾವಳಿಯನ್ನು ನಾನೂ ಪಕ್ಕದ ಮನೆಯ ಖಾಲಾನೂ ಸೇರಿ ಎಳೆಯುತ್ತಿದ್ದೆವು. ಖಾಲಾ ಅವ್ವನ ಜೊತೆ ಮೊದಲಿನಿಂದ ರೊಟ್ಟಿ ಬಡಿದವರು, ಅವರ ರೊಟ್ಟಿಗೆ ಹೆಸರಿಡುವ ಹಾಗಿರಲಿಲ್ಲ. ಸಾರು, ಪಲ್ಯ ನನ್ನ ಕೈಗೆ ಬಿದ್ದಿದ್ದವು. ಗೊರೇಬಾಳದ ಗಿರಾಕಿಯೊಬ್ಬರು ಒಂದು ದಿನ ತಾಟಿನಿಂದ ತಲೆ ಎತ್ತಿ ಕೇಳಿಯೇಬಿಟ್ಟರು:

"ಮೇಡಂ, ಇವತ್ತ ಉಪ್ಪಿಗೆ ರಜಾ ಕೊಟ್ಟೀರೇನ್ರೀ?"

"ನಿನ್ನೆ ಜಾಸ್ತಿ ಆತು ಅಂದ್ರಿ!"

"ಅಂದೆ ಖರೆ. ಹಂಗಂತ ಅದಕ್ಕ ಪೂರಾ ಸಸ್ಪೆಂಡ್ ಮಾಡೋದೇನ್ರೀ? ಅಕ್ಕ ಯಾವಾಗ ಬರ್ತಾರ ಹೇಳ್ರಿ, ಅವತ್ತ ಬರ್ತೀವಿ."

ಒಳಗೆ ಮಲಗಿದ್ದ ಅವ್ವನಿಗೆ ಇದು ಕೇಳಿಸಿತ್ತು. ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿಯೇ ಅಂದಳು, "ದಸರಾದ ಹೊತ್ತಿಗೆ ಖಾನಾವಳಿ ಬ್ಯಾರೇದವ್ರಿಗೆ ಬಿಟ್ಟಕೊಡೂಣು. ಉಪ್ಪು ತಿಳೀಲಾರದಾಕಿ ಮಂದಿಗೆ ಏನ್ ಉಣ್ಣಾಕ ಹಾಕಲಿ?"

ಖಾನಾವಳಿ ಇಲ್ಲದ ಅವ್ವನನ್ನು ನನಗೆ ಊಹಿಸಿಕೊಳ್ಳಲು ಆಗಲಿಲ್ಲ. ಅವಳಿಗೂ ಆಗಿರಲಿಕ್ಕಿಲ್ಲ, ಅದಕ್ಕೇ ಗೋಡೆಯ ಕಡೆ ತಿರುಗಿ ಹೇಳಿದ್ದು.

ದೊಡ್ಡವ್ವನಿಗೆ ಆಗ ಬರುವ ಹಾಗಿರಲಿಲ್ಲ. ದೊಡ್ಡಪ್ಪನ ಕಣ್ಣಿನ ಆಪರೇಷನ್ ಆಗಿತ್ತು. ದಿನಾ ಫೋನ್ ಮಾಡುತ್ತಿದ್ದಳು. "ಬ್ಯಾಸಗಿ ಊಟಾನ ನಡಸು. ಜ್ವಾಳದ ಅಂಬಲಿ ತೆಳ್ಳಗ ಕಾಸು, ಮಜ್ಜಿಗಿ ಹಾಕು. ಎಷ್ಟ ಕುಡೀತಾಳ ಅಷ್ಟ. ಮಳಿ ಹಿಡಿದ ಮ್ಯಾಲ ಮುಂದಿನದು ನೋಡೂಣು." ಅದರಂತೆ ಅವ್ವ ದಿನಕ್ಕೆ ಎರಡು ಸಲ ಅರ್ಧರ್ಧ ಬಟ್ಟಲು ಅಂಬಲಿ ಕುಡಿಯುತ್ತಿದ್ದಳು. ಅದು ಒಳಗೆ ನಿಲ್ಲುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಕಾಲೇಜಿನ ಗ್ರಂಥಾಲಯದಲ್ಲಿ ಋತುಚರ್ಯೆಯ ಪುಸ್ತಕ ಸಿಕ್ಕಿತು. ಕೂತು ಓದಿದೆ, ಟಿಪ್ಪಣಿ ಮಾಡಿಕೊಂಡೆ. ಶ್ರಾವಣ, ಭಾದ್ರಪದ ವರ್ಷಾ ಋತು. ಆಗ ಜಠರದ ಅಗ್ನಿ ಮಂದ. ಹಳೆಯ ಅಕ್ಕಿ, ಹುಳಿ, ಉಪ್ಪು, ತುಪ್ಪ, ಶುಂಠಿ, ಮೆಣಸು, ಕಾಯಿಸಿದ ನೀರು. ಮಂದವಾದ ಅಗ್ನಿ ಎಂದರೆ ಅವ್ವನ ಸ್ಥಿತಿಯೇ ಅಲ್ಲವೆ? ಮಂದಿಗೆ ಹೇಳಿದ್ದು ಇಷ್ಟೇ: ಅವ್ವನಿಗಾಗಿ ನಂಬಿಕೆ ಇಲ್ಲದಿದ್ದರೂ ಪ್ರಯತ್ನಿಸುತ್ತಿದ್ದೇನೆ. ಕೇಳಿದವರು ಮೆಚ್ಚಿದರು. ಹೇಳದೇ ಉಳಿಸಿಕೊಂಡದ್ದು ಇನ್ನೊಂದಿತ್ತು. ಪುಸ್ತಕದಲ್ಲಿ ಇದ್ದಂತೆ ಅಕ್ಷರ ಬಿಡದೆ ಪಾಲಿಸುವುದು. ಫಲಿಸಿದರೆ ಅವ್ವ ಉಣ್ಣುತ್ತಾಳೆ, ಫಲಿಸದಿದ್ದರೆ ದೊಡ್ಡವ್ವನ ಮುಂದೆ ಪುಸ್ತಕ ಬಿಚ್ಚಿಟ್ಟು, "ನೋಡು, ನಿನ್ನ ಶಾಸ್ತ್ರದ ಪ್ರಕಾರವೇ ಮಾಡಿದೆ" ಅನ್ನಬಹುದು. ಎರಡೂ ಕಡೆ ಗೆಲ್ಲುವ ವಾದವನ್ನು ಕಟ್ಟುವುದು ನನ್ನ ಮಕ್ಕಳಿಗೆ ನಾನೇ ಕಲಿಸುವ ವಿದ್ಯೆ.

ಮಳೆಗಾಲ ಬಂದಿದೆಯೆ ಎಂದು ಪರೀಕ್ಷಿಸಿದೆನೆ? ಪರೀಕ್ಷಿಸಿದೆ. ನನ್ನ ಬಳಿ ಎರಡು ಸಾಕ್ಷಿಗಳಿದ್ದವು. ಗೋಡೆಯ ಪಂಚಾಂಗದಲ್ಲಿ ಶ್ರಾವಣದ ಮೊದಲ ದಿನ. ಹಿಂದಿನ ಭಾನುವಾರ ಗೊರೇಬಾಳಕ್ಕೆ ಹೋದಾಗ ಕಣ್ಣಾರೆ ಕಂಡದ್ದು: ಗದ್ದೆಗಳ ತುಂಬ ನೀರು, ನಾಟಿಗೆ ಬಗ್ಗಿದ ಹೆಂಗಸರ ಸಾಲು, ಕಪ್ಪೆಗಳ ಗದ್ದಲ. ಇನ್ನೇನು ಬೇಕು?

ಶ್ರಾವಣದ ಮೊದಲ ದಿನ ಬೆಳಿಗ್ಗೆ ಅಂಬಲಿ ನಿಲ್ಲಿಸಿದೆ. ಹಳೆ ಅಕ್ಕಿಯ ಅನ್ನ, ಹುಣಸೆ ಹಿಂಡಿ ಶುಂಠಿ ಮೆಣಸು ಕುಟ್ಟಿ ಹಾಕಿದ ಸಾರು, ಮೇಲೆ ತುಪ್ಪ. ಖಾಲಾ ಬಾಗಿಲಲ್ಲಿ ನಿಂತು ನೋಡಿದರು.

"ಬೇಟಿ, ಇಷ್ಟು ಖಾರಾ, ಇಷ್ಟು ಖಟ್ಟಾ? ನಿನ್ನೆತನಕ ಕೂಸಿಗೆ ಕುಡಿಸಿದಂಗ ಕುಡಿಸಾಕತ್ತಿದ್ದಿ."

"ಮಳೆಗಾಲ ಬಂತಲ್ಲ ಖಾಲಾ."

ಖಾಲಾ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡರು. "ಬಂತಾ? ನನಗ ಹೇಳಾಕ ಮರ್ತೈತಿ ನೋಡು."

ನಾನು ನಕ್ಕೆ. ಮಾತು ಚೆನ್ನಾಗಿತ್ತು, ಆದರೆ ಅದನ್ನು ವಾದ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಅವ್ವ ನನಗೋಸ್ಕರ ಉಂಡಳು. ಮೊದಲ ದಿನ ಎದೆ ಉರಿ ಅಂದಳು. ಎರಡನೆಯ ದಿನ ಬಾಯಿಯಲ್ಲಿ ಹುಣ್ಣು. ಮೂರನೆಯ ದಿನ ಉಂಡದ್ದೆಲ್ಲ ವಾಂತಿಯಾಯಿತು. ಆಟೋದಲ್ಲಿ ದವಾಖಾನೆಗೆ ಕರೆದುಕೊಂಡು ಹೋದೆ.

"ಏನ್ ಕೊಟ್ಟಿದ್ರಿ?" ಎಂದರು ಡಾಕ್ಟರು. ಪಟ್ಟಿ ಹೇಳಿದೆ.

"ಟೈಫಾಯ್ಡ್ ಆದ ಹೊಟ್ಟೀಗೆ ಹುಣಸಿ, ಮೆಣಸು! ಯಾರ್ ಹೇಳಿದ್ರೀ?"

"ಆಯುರ್ವೇದ" ಎಂದೆ. ಹೇಳುವಾಗ ಒಳಗೆ ಸಣ್ಣ ಸಮಾಧಾನವೊಂದು ಇತ್ತು, ನಾನು ಕಾಯುತ್ತಿದ್ದ ಉತ್ತರ ಸಿಕ್ಕಿತು ಎಂಬಂಥದ್ದು. ಆಗ ಅವ್ವನ ಕಡೆ ನೋಡಿದೆ. ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಮುದುಡಿ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಆ ಸಮಾಧಾನ ಅಲ್ಲೇ ಇಳಿದುಹೋಯಿತು.

ಫೋನಿನಲ್ಲಿ ಸುದ್ದಿ ಕೇಳಿ ಮಾರನೆಯ ದಿನ ಮೊದಲ ಬಸ್ಸಿಗೆ ದೊಡ್ಡವ್ವ ಬಂದಳು. ಕೈಯಲ್ಲಿ ಜೋಳದ ಹಿಟ್ಟಿನ ಚೀಲ, ಜೊತೆಗೆ ನನ್ನ ಕಪ್, ಅಜವಾನದ ಸಮೇತ. ಮೊದಲು ಅವ್ವನ ಪಕ್ಕ ಕೂತು "ನಾಲಿಗಿ ತೋರಸು" ಎಂದಳು. ನೋಡಿದಳು. ಡಾಕ್ಟರು ಕೊಟ್ಟ ಗುಳಿಗೆಗಳನ್ನು ನನ್ನಿಂದ ಓದಿಸಿ, ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಎರಡು ಬಟ್ಟಲಲ್ಲಿ ಬೇರೆ ಮಾಡಿದಳು.

"ಗುಳಿಗಿನೂ ಇರ್ಲೇನು?" ಎಂದೆ. ಹಾಗೆ ಕೇಳಿದ್ದರಲ್ಲಿ ಸ್ವಲ್ಪ ಕೊಂಕು ಇತ್ತು.

"ಯಾಕ, ಅಂಬಲಿಗೂ ಗುಳಿಗಿಗೂ ನೀ ಜಗಳಾ ಹಚ್ಚಬೇಕಂತಿಯೇನು? ಜ್ವರ ಇಳಿಸಿದ್ದು ಡಾಕ್ಟರು. ಅದು ಅವ್ರ ಕೆಲಸ. ಉಣ್ಣಾಕ ಹಚ್ಚೋದು ಮನಿಯವ್ರ ಕೆಲಸ. ಈಗ ಹೇಳು, ಏನ್ ಮಾಡಿದಿ?"

ಪುಸ್ತಕ ತಂದೆ. ನನ್ನ ಟಿಪ್ಪಣಿಯನ್ನೂ ತಂದೆ. ವರ್ಷಾ ಋತುವಿನ ಭಾಗ ಓದಿ ಹೇಳಿದೆ. ದೊಡ್ಡವ್ವ ಸಾವಕಾಶ ಕೇಳಿದಳು.

"ಬರೋಬ್ಬರಿ ಐತಿ. ಮುಂದ ಓದು."

"ಮುಂದ ಶರದೃತು."

"ಎಲ್ಲಾ ಆದ ಮ್ಯಾಲ ಏನೈತಿ? ಕಡೀಕ?"

ಅಧ್ಯಾಯದ ಕೊನೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಹಾಳೆ ತಿರುಗಿಸಿ ಓದಿದೆ. ಹೋಗುವ ಋತುವಿನ ಕಡೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ, ಈ ಎರಡು ವಾರಕ್ಕೆ ಋತುಸಂಧಿ ಎಂದು ಹೆಸರು. ಆಗ ಹಳೆಯ ರೂಢಿಯನ್ನು ಸ್ವಲ್ಪ ಸ್ವಲ್ಪ ಬಿಡುತ್ತ, ಹೊಸದನ್ನು ಸ್ವಲ್ಪ ಸ್ವಲ್ಪ ಹಿಡಿಯುತ್ತ ಹೋಗಬೇಕು. ಒಮ್ಮೆಲೇ ಬಿಟ್ಟು ಒಮ್ಮೆಲೇ ಹಿಡಿದರೆ ರೋಗ ಬರುತ್ತದೆ.

"ಇದನ್ನ ಓದಿರಲಿಲ್ಲೇನು?"

"ಓದಿದ್ದೆ."

ದೊಡ್ಡವ್ವ ಪುಸ್ತಕವನ್ನು ನನ್ನ ಕೈಯಿಂದ ತೆಗೆದು ಮುಚ್ಚಿಟ್ಟಳು. ಎದುರು ಪಕ್ಷದವರು ಪೂರ್ತಿ ಮಾತನ್ನು ಎತ್ತಿಕೊಳ್ಳದೆ ತಮಗೆ ಬೇಕಾದ ತುಂಡನ್ನು ಮಾತ್ರ ಎತ್ತಿ ಹೇಳಿದರೆ ಎದ್ದು ನಿಂತು ತಡೆಯಿರಿ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು.

"ಬಾ" ಎಂದು ಮಾಳಿಗೆಗೆ ಹತ್ತಿಸಿದಳು. ಹತ್ತು ಗಂಟೆಯ ಬಿಸಿಲು. ಮೇಲೆ ಮೋಡದ ಗುರುತೇ ಇರಲಿಲ್ಲ. ಕಾಲಿನ ಕೆಳಗೆ ಸಿಮೆಂಟು ಸುಡುತ್ತಿತ್ತು.

"ಮಳಿ ಎಲ್ಲೈತಿ ತೋರಸು."

"ಗದ್ದಿ ತುಂಬ ನೀರೈತಿ ದೊಡ್ಡವ್ವ. ನಾನ ನೋಡೀನಿ. ನಾಟಿ ಹಚ್ಯಾರ."

"ಅಯ್ಯ ನನ್ನ ಮಗಳ! ಅದು ಡ್ಯಾಮಿನ ನೀರು. ಕಾಲುವಿಗೆ ಬಿಟ್ಟಾರ. ಗೇಟ್ ಎತ್ತಿದ್ರ ನಿಮ್ಮೂರಾಗ ಮಳಿಗಾಲ ಆತೇನು?" ಎಂದು ಅವಳು ನಗತೊಡಗಿದಳು. ನಗುತ್ತಲೇ ಸೆರಗು ನನ್ನ ತಲೆಗೂ ಎಳೆದು ಹಿಡಿದಳು, ಬಿಸಿಲಿಗೆ. "ಮಸ್ಕ್ಯಾಗ ಬಂದು ನೋಡು. ತೊಗರಿ ಬಿತ್ತಿದವರು ದಿನಾ ಮುಂಜಾನೆದ್ದು ಮ್ಯಾಲ ನೋಡಾಕತ್ಯಾರ. ಇಲ್ಲಿ ನೀವು ಕೆಳಗ ನೋಡಿ ಮಳಿ ಬಂತಂತೀರಿ."

ಇಪ್ಪತ್ತೈದು ಕಿಲೋಮೀಟರು ಆಚೆಯ ಮಸ್ಕಿಯಲ್ಲಿ ಈ ತಪ್ಪನ್ನು ಯಾರೂ ಮಾಡುತ್ತಿರಲಿಲ್ಲ. ಕಾಲುವೆಯ ಊರಿನಲ್ಲಿ ಬೆಳೆದ ನಾನು ಮಾಡಿದೆ. ನೀರು ಕಂಡೆ, ಹಸಿರು ಕಂಡೆ. ನೆತ್ತಿಯ ಮೇಲಿನ ಸೂರ್ಯನನ್ನು ಕೇಳಲಿಲ್ಲ. ಖಾಲಾನ ಕುತ್ತಿಗೆಯ ಬೆವರು ಕೂಡ ಒಂದು ಸಾಕ್ಷಿಯಾಗಿತ್ತು.

ದೊಡ್ಡವ್ವ ಹನ್ನೊಂದು ದಿನ ಇದ್ದಳು. ಮೊದಲೆರಡು ದಿನ ಬರೀ ತೆಳು ಅಂಬಲಿ, ಮಜ್ಜಿಗೆ. ಒತ್ತಾಯ ಇಲ್ಲ. "ಹಸಿವಾತೇನು ತಂಗಿ?" ಎಂದು ಕೇಳುವಳು, ಇಲ್ಲ ಅಂದರೆ ಎದ್ದು ಹೋಗುವಳು. ನನಗೆ ಆ ಎದ್ದು ಹೋಗುವುದನ್ನು ನೋಡಲು ಆಗುತ್ತಿರಲಿಲ್ಲ. ಅಷ್ಟು ದಿನ ನಾನು ಚಮಚ ಹಿಡಿದುಕೊಂಡು ಅವ್ವನ ಬಾಯಿಯ ಮುಂದೆಯೇ ನಿಂತಿದ್ದೆ. ಮೂರನೆಯ ದಿನ ಅಂಬಲಿಯಲ್ಲಿ ಕಾಲುಭಾಗ ತೆಗೆದು ಅಷ್ಟು ಮೆತ್ತನೆಯ ಅನ್ನ ಸೇರಿಸಿದಳು. ಎರಡು ದಿನ ಅದೇ. ಒಳಗೆ ನಿಂತಿತು ಅಂದಮೇಲೆ ಇನ್ನೊಂದು ಕಾಲುಭಾಗ, ಅದರಲ್ಲಿ ಚಿಟಿಕೆ ಜೀರಿಗೆ. ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಆಕಾಶ ನೋಡುವಳು, ಇಳಿದು ಬಂದು ಅವ್ವನ ನಾಲಿಗೆ ನೋಡುವಳು. ಎರಡರ ನಡುವೆ ಏನು ಲೆಕ್ಕ ಹಾಕುತ್ತಿದ್ದಳೋ, ಕೇಳಿದರೆ "ಲೆಕ್ಕ ಏನ್ ಬೇ, ನೋಡೂದು" ಅನ್ನುತ್ತಿದ್ದಳು.

ಐದನೆಯ ದಿನ ತಡೆಯಲಾಗದೆ ಕೇಳಿದೆ. "ದೊಡ್ಡವ್ವ, ನೀ ಬರದಿದ್ರೂ ಅವ್ವ ತಾನ ಆರಾಮ ಆಗ್ತಿದ್ಲೇನೋ. ಹೊತ್ತು ಬೇಕು ಅಂತ ಡಾಕ್ಟರು ಹೇಳಿದ್ರಲ್ಲ. ನಿನ್ನ ಅಂಬಲಿಯಿಂದಾನ ಅನ್ನಾಕ ಏನ್ ಸಾಕ್ಷಿ ಐತಿ?"

"ಆಗ್ತಿದ್ಲೇನೋ. ನಾ ಯಾವಾಗ ಅಲ್ಲ ಅಂದೆ? ಆದ್ರ ಅಲ್ಲೀತನಕ ಆಕಿ ಏನ್ ಉಣ್ಣಬೇಕು, ನಿನ್ನ ಭಾಷಣ?"

ಅವ್ವ ನಕ್ಕಳು. ಜ್ವರ ಬಂದಮೇಲೆ ಮೊದಲ ಸಲ. ಹೊಟ್ಟೆ ನೋಯುತ್ತದೆ, ನಗಿಸಬೇಡ್ರಿ ಎಂದು ಕೈ ಮುಗಿದಳು. ಅವತ್ತು ಆ ಸುತ್ತನ್ನು ನಾನು ಸೋತೆ. ಎಷ್ಟು ಹಗುರಾಯಿತು ಅಂದರೆ ಎದ್ದು ಹೋಗಿ ಅವರಿಬ್ಬರಿಗೂ ನೀರು ತಂದುಕೊಟ್ಟೆ.

ಅದೇ ಸಂಜೆ, ದೊಡ್ಡವ್ವ ಖಾಲಾನ ಮನೆಗೆ ಹೋಗಿದ್ದಾಗ, ಅವ್ವನಿಗೆ ಎಲ್ಲ ಹೇಳಿದೆ. ಗೆಲ್ಲಬೇಕು ಅಂತಲೇ ಹಾಗೆ ಮಾಡಿದ್ದು, ಕೊನೆಯ ಹಾಳೆ ಗೊತ್ತಿದ್ದೂ ಬಿಟ್ಟದ್ದು.

ಅವ್ವ ಕಾಲು ಮಡಚಿ ನನ್ನ ಕಡೆ ತಿರುಗಿ ಕೂತಳು. "ದವಾಖಾನ್ಯಾಗ ನಿನ್ನ ಮಾರಿ ನೋಡಿದಾಗ ತಿಳೀತು" ಎಂದಳು. ಆಮೇಲೆ, "ನಿನ್ನ ಸಾರು ಖರೇನ ಕೆಟ್ಟಿತ್ತು. ರುಚಿ ಇಲ್ಲದ ನಾಲಿಗಿಗೂ ಗೊತ್ತಾತು ನೋಡು." ಕೊನೆಗೆ, "ಅಕ್ಕಗ ಹೇಳಬ್ಯಾಡ. ಮಸ್ಕಿತನಕ ಬಸ್ಸಿನ್ಯಾಗ ಎಲ್ಲಾರಿಗೂ ಹೇಳ್ತಾ ಹೋಗ್ತಾಳ."

ಹತ್ತನೆಯ ದಿನ ಮಧ್ಯಾಹ್ನ ಮಸ್ಕಿಯಿಂದ ದೊಡ್ಡಪ್ಪನ ಫೋನು ಬಂತು: ಅಲ್ಲಿ ಮಳೆ ಬಿತ್ತು, ಮಣ್ಣು ನೆನೆಯುವಷ್ಟು. ಸಂಜೆಗೆ ಅದೇ ಮೋಡ ನಮ್ಮ ಮೇಲೂ ಬಂತು. ದೊಡ್ಡವ್ವ ಅಂಗಳದಲ್ಲಿ ನಿಂತು ತೋಯಿಸಿಕೊಂಡಳು. ಒಳಗೆ ಬಂದು ತಲೆ ಒರೆಸಿಕೊಳ್ಳುತ್ತ, "ಈಗ ಶುಂಠಿ ತಗಿ. ಉಗುರಿನಷ್ಟ. ನೀ ಹಾಕಿದಂಗ ಬೆರಳಿನಷ್ಟಲ್ಲ" ಎಂದಳು. ಅವಳು ಆ ಋತುವಿನ ಮೊದಲ ಶುಂಠಿ ಹಾಕಿದ ಗಂಜಿಯನ್ನು ಅವ್ವ ಪೂರ್ತಿ ಬಟ್ಟಲು ಕುಡಿದಳು. ರುಚಿಯ ಮಾತು ಯಾರೂ ಎತ್ತಲಿಲ್ಲ.

ನಾನು ಈಗಲೂ ತ್ರಿದೋಷವನ್ನು ಒಪ್ಪಿಲ್ಲ. ಅಗ್ನಿ ಎಲ್ಲಿದೆ ತೋರಿಸು ಎಂದು ದೊಡ್ಡವ್ವನನ್ನು ಈಗಲೂ ಕಾಡುತ್ತೇನೆ. "ನಿನ್ನ ಬಾಯಾಗೈತಿ" ಅನ್ನುತ್ತಾಳೆ. ಆದರೆ ಬೆಳಿಗ್ಗೆ ಎದ್ದರೆ ಮಾಳಿಗೆ ಹತ್ತುತ್ತೇನೆ. ಬ್ಲೇಜರ್ ಹಾಕುವ ಮೊದಲು ಸೆಕೆಯೋ ಥಂಡಿಯೋ ಕೇಳಿಕೊಳ್ಳುತ್ತೇನೆ. ಚಹಾ ಕಡಿಮೆ ಮಾಡುವಾಗ ದಿನಕ್ಕೆ ಕಾಲು ಕಪ್ಪಿನಂತೆ ಬಿಟ್ಟೆ, ತಲೆನೋವಿಲ್ಲದೆ ಬಿಟ್ಟಿತು. ಇದು ಸಾಬೀತಲ್ಲ, ನನಗೆ ಗೊತ್ತು. ಆ ಹನ್ನೊಂದು ದಿನ ಆಪರೇಷನ್ನಾದ ಗಂಡನನ್ನು ಬೇರೆಯವರ ಕೈಗೆ ಬಿಟ್ಟುಬಂದು, ನನ್ನ ತಪ್ಪಿಗೆ ಒಂದು ಸಲವೂ ಬೈಯದೆ ನನ್ನ ಅವ್ವನ ನಾಲಿಗೆ ನೋಡುತ್ತ ಕೂತವಳಿಗೆ ನಾನು ಋಣಿ. ಆ ಋಣಕ್ಕೆ ನನ್ನ ಬಳಿ ಪ್ರತಿವಾದವಿಲ್ಲ.

ಮಳೆ ಬಂದ ಮಾರನೆಯ ದಿನ, ದೊಡ್ಡವ್ವ ಊರಿಗೆ ಹೊರಡಲು ಚೀಲ ಕಟ್ಟುತ್ತಿದ್ದಳು. ನಾನು ಖಾನಾವಳಿಯ ಒಲೆಯ ಮುಂದೆ ಇದ್ದೆ. ಹೊರಗೆ ಮೂರು ಮೇಜು ತುಂಬಿದ್ದವು. ಖಾಲಾ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ಯಾರೂ ಕರೆದಿರಲಿಲ್ಲ. ಮೆಲ್ಲಗೆ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡಳು. ಒಂದು ಹನಿ ಸಾರು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿದ್ದಳು. ಖಾಲಾ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು.

"ಇದಕ್ಕ ಉಪ್ಪು ಹಾಕಿದಾಕಿ ಯಾರು?"

"ನಾನು."

"ಎರಡ ಸಲ ಹಾಕಿದಿ." ಅವ್ವ ಕಣ್ಣು ಬಿಟ್ಟಳು. ಕಣ್ಣು ತುಂಬಿದ್ದವು, ದನಿ ಮಾತ್ರ ಹಳೆಯ ದನಿ. "ಸರಿ ಆ ಕಡೆ. ಹೋಗು, ಕಾಲೇಜಿಗೆ ಹೋಗಿ ಪಾಠ ಮಾಡು."

ಹೊರಗೆ ಗೊರೇಬಾಳದ ಆ ಗಿರಾಕಿ ತಾಟಿನ ಮುಂದೆ ಕೂತೇ ಒಳಗೆ ಇಣುಕಿದರು. ಆಮೇಲೆ ಪಕ್ಕದ ಮೇಜಿನವರಿಗೆ ಕೇಳುವಂತೆ ಹೇಳಿದರು:

"ಸಾರು ಈಗ ಹಾಕಿಸ್ಕೋಬ್ಯಾಡ್ರಿ, ಸ್ವಲ್ಪ ತಡೀರಿ. ಅಕ್ಕ ಬಂದಾರ."